ಬರ್ಖಾಸ್ತಾದ ಪಡೆಯ ಅಂಗಿ

ಕಳೆದ ಭಾನುವಾರ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಅವರಿಗೆ ಹಳೇ ಯೂನಿಫಾರ್ಮ್ ಕೂಡಿಡೋ ಹುಚ್ಚು. ಬರ್ಖಾಸ್ತಾದ ವಿಶೇಷ ಪೊಲೀಸ್ ಪಡೆಗಳ ಟೋಪಿ, ಬೆಲ್ಟು, ತೋಳಿನ ಬ್ಯಾಡ್ಜು ಎಲ್ಲ ಗಾಜಿನ ಬೀರುವಿನಲ್ಲಿ. "ಪಡೆ ಹೋದ ಮೇಲೇನೇ ಸಾರ್ ಬಟ್ಟೆಗೆ ಬೆಲೆ" ಅಂದರು. "ಬಸ್ತಾರಿನ ಎಸ್‌ಪಿಓಗಳದ್ದು ಇದೆಯಾ?" ಅಂತ ಕೇಳಿದೆ. "ಹಾಗಂದ್ರೆ ಯಾರು?" ಅಂದರು. ಅದಕ್ಕೇ ಈ ಪೋಸ್ಟ್.

ನಮ್ಮವರಿಗೆ ಖಾಕಿ ಬರೀ ಬಟ್ಟೆ ಆಗಿರಲಿಲ್ಲ. 1928ರಲ್ಲಿ ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ಇಟ್ಟ ಬೇಡಿಕೆಗಳಲ್ಲಿ ಸೈನ್ಯ ಮತ್ತು ಪೊಲೀಸ್ ನೇಮಕಾತಿಯೂ ಇತ್ತು. ಒಳಗೆ ಬರಬೇಡ ಅಂದವನ ಬಾಗಿಲಲ್ಲಿ ಕೇರಿಯ ಹುಡುಗ ಖಾಕಿ ತೊಟ್ಟು, ಸಮನ್ಸ್ ಹಿಡಿದು ನಿಲ್ಲೋದು ಸಣ್ಣ ಮಾತಾ?

ಛತ್ತೀಸ್‌ಗಢದ ಆದಿವಾಸಿ ಹುಡುಗರಿಗೆ ಸಿಕ್ಕಿದ್ದೇ ಬೇರೆ. 2005ರಲ್ಲಿ ಮಾವೋವಾದಿಗಳ ವಿರುದ್ಧ ಸಲ್ವಾ ಜುಡುಂ ಶುರುವಾಯ್ತು. ಸರ್ಕಾರ ಅಲ್ಲಿನ ಹುಡುಗರನ್ನೇ ಹಿಡಿದು 'ವಿಶೇಷ ಪೊಲೀಸ್ ಅಧಿಕಾರಿ' ಅಂತ ಹೆಸರಿಟ್ಟಿತು. ಹೆಸರಲ್ಲಿ ಮಾತ್ರ ಅಧಿಕಾರಿ. ಐದನೇ ಕ್ಲಾಸ್ ಓದಿದ್ರೂ ಸಾಕು, ಎರಡು ತಿಂಗಳ ತರಬೇತಿ, ಕೈಗೆ ಬಂದೂಕು, ತಿಂಗಳಿಗೆ 3000 ರೂಪಾಯಿ 'ಗೌರವಧನ'. ಜನ ಇವರನ್ನು ಕೋಯಾ ಕಮಾಂಡೋ ಅಂತಲೂ ಕರೆದರು. 2011ರ ಹೊತ್ತಿಗೆ ಸುಮಾರು 6500 ಮಂದಿ. ಸರ್ಕಾರವೇ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ಸತ್ತವರು 173. ಆ ವರ್ಷ ಮಾರ್ಚ್‌ನಲ್ಲಿ ತಾಡ್ಮೆಟ್ಲ, ಮೋರಪಲ್ಲಿಯಲ್ಲಿ ಮನೆಗಳು ಸುಟ್ಟವು. ಆರೋಪ ಇವರ ಮೇಲೂ ಬಂತು. ಬಂದೂಕು ಹಿಡಿದವರೂ ಆದಿವಾಸಿಗಳು, ಸುಟ್ಟ ಗುಡಿಸಲೂ ಆದಿವಾಸಿಗಳದ್ದು.

ನಾನು ಗುಮಾಸ್ತ. 'ಗೌರವಧನ' ಅನ್ನೋ ಪದವನ್ನ ಎಷ್ಟು ಸಲ ಟೈಪ್ ಮಾಡಿದ್ದೀನೋ ಲೆಕ್ಕವಿಲ್ಲ. ಬಿಸಿಯೂಟದ ಅಕ್ಕಂದಿರಿಗೂ ಅದೇ, ಅಂಗನವಾಡಿಯವರಿಗೂ ಅದೇ. ದುಡಿಸಿಕೊಳ್ಳಬೇಕು, ನೌಕರ ಅಂತ ಒಪ್ಪಿಕೊಳ್ಳಬಾರದು, ಆಗ ಈ ಪದ ಬರುತ್ತೆ. ಇಲ್ಲಿ ಅದು ಹೊಟ್ಟೆಗೆ ಹೊಡೆಯುತ್ತೆ. ಅಲ್ಲಿ ಜೀವವನ್ನೇ ತೆಗೀತು.

ನಂದಿನಿ ಸುಂದರ್, ರಾಮಚಂದ್ರ ಗುಹಾ, ಇ.ಎ.ಎಸ್. ಶರ್ಮ ಸುಪ್ರೀಂ ಕೋರ್ಟಿಗೆ ಹೋದರು. 2011ರ ಜುಲೈ 5ರಂದು ನ್ಯಾಯಮೂರ್ತಿಗಳಾದ ಸುದರ್ಶನ ರೆಡ್ಡಿ ಮತ್ತು ನಿಜ್ಜರ್ ತೀರ್ಪು ಕೊಟ್ಟರು: ಇದು ಸಂವಿಧಾನದ 14 ಮತ್ತು 21ನೇ ವಿಧಿಗಳ ಉಲ್ಲಂಘನೆ, ಇವರನ್ನು ಮಾವೋವಾದಿಗಳ ಎದುರು ನಿಲ್ಲಿಸುವುದನ್ನು ಬಿಡಿ, ಬಂದೂಕುಗಳನ್ನು ವಾಪಸ್ ತಗೊಳ್ಳಿ.

ಸರ್ಕಾರ ಏನು ಮಾಡ್ತು? ಅದೇ ವರ್ಷ ಹೊಸ ಕಾನೂನು ತಂದು 'ಸಹಾಯಕ ಸಶಸ್ತ್ರ ಪೊಲೀಸ್ ಪಡೆ' ಕಟ್ಟಿ, ಅದೇ ಹುಡುಗರನ್ನ ಸೇರಿಸಿಕೊಳ್ತು. ಕಾಗದದ ಮೇಲೆ ಹಳೇ ಪಡೆ ಬರ್ಖಾಸ್ತು. ಅಂಗಿ ಬದಲಾಯ್ತು, ಒಳಗಿನ ಮೈ ಅದೇ.

ಹೊರಡುವಾಗ ಅವರಿಗೆ ಹೇಳಿ ಬಂದೆ: "ಸಿಕ್ಕರೆ ಆ ಅಂಗೀನೂ ತಂದಿಡಿ ಸಾರ್. ಪಕ್ಕದಲ್ಲಿ ಚೀಟಿ ಅಂಟಿಸಿ: ಐದನೇ ಕ್ಲಾಸ್, 3000 ರೂಪಾಯಿ, 173 ಜೀವ."

ಜೈ ಭೀಮ್.