ತುಂಗಭದ್ರಾ ಕಣಿವೆಯಲ್ಲಿ ಬಾಷ್ಪವಿಸರ್ಜನೆ ಮತ್ತು ಹಸಿರಿನ ಉಪಗ್ರಹ ಮಾಪನ

ಹೊಲದ ಮಣ್ಣಿನಿಂದ ಆವಿಯಾಗಿ, ಬೆಳೆಯ ಎಲೆಗಳಿಂದ ಬಾಷ್ಪವಾಗಿ ಗಾಳಿಗೆ ಸೇರುವ ನೀರನ್ನು ಉಪಗ್ರಹದ ನೆರವಿನಿಂದ ಅಂದಾಜು ಮಾಡುವ ವಿಧಾನವಿದು. ಕಾಲುವೆಗೆ ಬಿಟ್ಟ ನೀರಿನಲ್ಲಿ ಬಸಿದು ಹಳ್ಳ ಸೇರಿದ್ದು ಕೆಳಗಿನವರಿಗೆ ಮತ್ತೆ ಸಿಗಬಹುದು. ಆವಿಯಾಗಿ ಹೋದದ್ದು ಸಿಗುವುದಿಲ್ಲ. ಒಂದು ಹೆಕ್ಟೇರ್ ಗದ್ದೆಯಿಂದ ದಿನಕ್ಕೆ 5 ಮಿಲಿಮೀಟರ್ ನೀರು ಹೀಗೆ ಹೋದರೆ ಅದು 50,000 ಲೀಟರ್. ನದಿಯ ನಿಜವಾದ ಖರ್ಚು ಇದೇ.

ಕೊಪ್ಪಳ ಸೀಮೆಗೆ ಈ ಲೆಕ್ಕ ಬಹಳ ಮುಖ್ಯ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬರಪೀಡಿತ ನಾಡಿನ ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳನ್ನು ಕಾಪಾಡಲು. ಆದರೆ ಗಂಗಾವತಿಯ ಸುತ್ತ ಭತ್ತ ಹಬ್ಬಿತು, ಆ ಊರಿಗೆ ಭತ್ತದ ಕಣಜವೆಂಬ ಹೆಸರೂ ಬಂತು. ಮಾನ್ವಿ, ರಾಯಚೂರು ಭಾಗದ ಕೊನೆಯಂಚಿನ ರೈತರು ಮಾತ್ರ ನೀರಿಗಾಗಿ ಇಂದಿಗೂ ಹೋರಾಡುತ್ತಿದ್ದಾರೆ. ಕುಷ್ಟಗಿ, ಯಲಬುರ್ಗಾದ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿ ಉಳಿದವು. ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ತುಂಗಭದ್ರಾ ಯೋಜನೆಗೆ ಲೆಕ್ಕ ಹಿಡಿದ 230 ಟಿಎಂಸಿ ಅಡಿಯಲ್ಲಿ 18 ಟಿಎಂಸಿಯನ್ನು ಜಲಾಶಯದಿಂದ ಆವಿಯಾಗುವ ಪಾಲೆಂದು ಗುರುತಿಸಿತು. ಗದ್ದೆಗಳಿಂದ ಆವಿಯಾಗುವುದನ್ನು ಊರೂರಿಗೆ ಅಳೆಯುವ ಉಪಾಯ ಆ ಕಾಲಕ್ಕೆ ಇರಲಿಲ್ಲ.

ಸೂತ್ರವಂತೂ ಇತ್ತು. ಬಿಸಿಲು, ಗಾಳಿ, ತೇವಾಂಶಗಳಿಂದ ಆವಿಯನ್ನು ಲೆಕ್ಕ ಹಾಕುವ ಸಮೀಕರಣವನ್ನು ಹೊವಾರ್ಡ್ ಪೆನ್‌ಮನ್ 1948ರಲ್ಲಿ ಕೊಟ್ಟರು; 1965ರಲ್ಲಿ ಜಾನ್ ಮಾಂಟೀತ್ ಅದನ್ನು ಬೆಳೆಗಳಿಗೆ ಹೊಂದಿಸಿದರು. ಆದರೆ ಅದಕ್ಕೆ ಹವಾಮಾನ ಕೇಂದ್ರದ ಅಂಕಿಗಳು ಬೇಕು, ಕೇಂದ್ರಗಳೋ ವಿರಳ. 1972ರ ಲ್ಯಾಂಡ್‌ಸ್ಯಾಟ್, 1988ರ ಮಾರ್ಚ್ 17ರಂದು ಹಾರಿದ ಭಾರತದ ಐಆರ್‌ಎಸ್-1ಎ ಉಪಗ್ರಹಗಳು ಹಸಿರನ್ನು ಮೇಲಿನಿಂದ ಕಾಣಿಸಿದವು. ಬೆಳೆದು ನಿಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪು ಕಿರಣವನ್ನು ಹಿಂದಕ್ಕೆ ಕಳಿಸುತ್ತದೆ. ಇವೆರಡರ ವ್ಯತ್ಯಾಸದಿಂದ ಹಸಿರಿನ ಸೂಚ್ಯಂಕ ಸಿಗುತ್ತದೆ.

ನಮ್ಮ ಕಣಿವೆಯ ಮಟ್ಟಿಗೆ ಮೊದಲ ದೊಡ್ಡ ಹೆಜ್ಜೆ ಮೇಲ್ಭಾಗದ ಭದ್ರಾ ಅಚ್ಚುಕಟ್ಟಿನಲ್ಲಿ ಬಿತ್ತು. ತಿರುವೆಂಗಡಾಚಾರಿ ಮತ್ತು ಶಕ್ತಿವಡಿವೇಲ್ 1997ರಲ್ಲಿ ಪ್ರಕಟಿಸಿದ ಅಧ್ಯಯನವು ಉಪಗ್ರಹ ಚಿತ್ರಗಳಿಂದಲೇ ಅಲ್ಲಿನ ಬೆಳೆ ವಿಸ್ತೀರ್ಣವನ್ನೂ ಭತ್ತದ ಇಳುವರಿಯನ್ನೂ ಅಂದಾಜಿಸಿತು. ಮರುವರ್ಷ ವಿಮ್ ಬಾಸ್ಟಿಯಾನ್ಸೆನ್ ಮತ್ತು ಸಂಗಡಿಗರ ‘ಸೆಬಾಲ್’ ವಿಧಾನ ಪ್ರಕಟವಾಯಿತು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಾಖ ಬೇಕು. ಹಾಗಾಗಿ ನೀರುಂಡ ಗದ್ದೆ ತಂಪಾಗಿರುತ್ತದೆ, ಒಣಗಿದ ಎರೆಹೊಲ ಕಾಯುತ್ತದೆ. ನೆಲದ ಉಷ್ಣತೆ ಓದಿದರೆ ಆವಿಯ ಪ್ರಮಾಣ ಹೊರಬೀಳುತ್ತದೆ. 1999ರ ಡಿಸೆಂಬರ್‌ನಲ್ಲಿ ಹಾರಿದ ಟೆರಾ ಉಪಗ್ರಹದ ಮೋಡಿಸ್ ಉಪಕರಣವು ಇಡೀ ಕಣಿವೆಯನ್ನು ದಿನದಿನವೂ ನೋಡತೊಡಗಿತು. ಅದರ ಚಿತ್ರಸರಣಿಯಿಂದ ಟ್ರೆಂಟ್ ಬಿಗ್ಸ್ ಮತ್ತು ಸಂಗಡಿಗರು ತುಂಗಭದ್ರೆಯನ್ನೂ ಒಳಗೊಂಡ ಕೃಷ್ಣಾ ಕಣಿವೆಯ ನೀರಾವರಿ ನಕ್ಷೆಯನ್ನು 2006ರಲ್ಲಿ ಪ್ರಕಟಿಸಿದರು.

ಈ ಅಂಕಿಗಳನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಮುಂಗಾರಿನಲ್ಲಿ ಮೋಡ ಕವಿದು ನೆಲವೇ ಕಾಣುವುದಿಲ್ಲ. 2014ರಿಂದ ಸೆಂಟಿನೆಲ್-1ರ ರೇಡಾರ್ ಮೋಡ ದಾಟಿ ನೀರು ನಿಂತ ಗದ್ದೆಗಳನ್ನು ಗುರುತಿಸಲು ನೆರವಾಗಿದೆ. ಪಾಳುಬಿದ್ದ ಹೊಲದ, ಕಾಲುವೆ ದಂಡೆಯ ಬಳ್ಳಾರಿ ಜಾಲಿಯೂ ಸೂಚ್ಯಂಕದಲ್ಲಿ ಹಸಿರೇ. ಇನ್ನೂ ನೋವಿನ ಸಂಗತಿ ಸವಳು-ಜವಳು ಭೂಮಿಯದು: ಬೆಳೆ ಬಾರದಿದ್ದರೂ ಅಲ್ಲಿ ನೀರು ಆವಿಯಾಗುತ್ತಲೇ ಇರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಭೂಮಿಯ ಸುಧಾರಣೆಗೆಂದೇ ದೀರ್ಘಕಾಲದಿಂದ ದುಡಿಯುತ್ತಿದೆ. ನೆಲದ ಮೇಲಿನ ಇಂಥ ಅರಿವು ಜೊತೆಗಿರದಿದ್ದರೆ ಉಪಗ್ರಹದ ನಕ್ಷೆ ದಾರಿ ತಪ್ಪಿಸುತ್ತದೆ.

ಈಗ ಚರ್ಚೆ ನವಲಿಗೆ ಬಂದು ನಿಂತಿದೆ. ಮೊದಲು ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಲು, ಪ್ರವಾಹದ ನೀರನ್ನು ತಿರುಗಿಸಿ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂಬುದು ಕರ್ನಾಟಕದ ಪ್ರಸ್ತಾವ. ಹೊಸ ಜಲಾಶಯದ ಮೇಲ್ಮೈಯಿಂದಲೂ ನೀರು ಆವಿಯಾಗುತ್ತದೆ. ಉಳಿದದ್ದು ಮತ್ತೆ ತಲೆಭಾಗದ ಭತ್ತಕ್ಕೇ ಹೋದರೆ ಕೊನೆಯಂಚಿನ ಕೊರತೆ ನೀಗುವುದಿಲ್ಲ. ವಿತರಣಾ ಕಾಲುವೆಗಳ ಒಂದೊಂದರ ಕೆಳಗೂ ಎಷ್ಟು ನೀರು ಆವಿಯಾಗುತ್ತಿದೆ ಎಂಬ ಹಂಗಾಮುವಾರು ನಕ್ಷೆಗಳು ನೀರಾವರಿ ಸಲಹಾ ಸಮಿತಿಯ ಮುಂದೆಯೂ ರೈತರ ಕೈಯಲ್ಲೂ ಇರಬೇಕು. ಅದಕ್ಕೆ ಬೇಕಾದ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿವೆ.