ಚಿಗರಿ, ತೋಳ ಮತ್ತು ಕಾವಲಿನ ಕೂಲಿ

ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ತ್ವರಿತ ಬಸ್ಸಿನ ಹೆಸರು ಚಿಗರಿ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ರಸ್ತೆಗಿಳಿದ ಈ ಬಸ್ಸು ಎರಡೂ ಊರುಗಳ ನಡುವಿನ ಸತ್ತೂರಿನಲ್ಲಿ ನಿಂತು ಮುಂದಕ್ಕೆ ಹೋಗುತ್ತದೆ. ಪುಸ್ತಕದ ಕನ್ನಡ ಕೃಷ್ಣಮೃಗ ಎನ್ನುವ ಪ್ರಾಣಿಯನ್ನು ಈ ಸೀಮೆಯವರು ಚಿಗರಿ ಎಂದೇ ಕರೆದರು. ಇಂದು ಆ ಹೆಸರು ಕೇಳಿದರೆ ವೇಗ ನೆನಪಾಗುತ್ತದೆ. ಒಕ್ಕಲುತನದವರಿಗೆ ಅದು ಎಳೆಯ ಕಡಲೆಯನ್ನು ಮೇಯ್ದು ಹೋಗುವ ಹಿಂಡಿನ ಹೆಸರಾಗಿತ್ತು. ಸತ್ತೂರು ನಿಂತಿರುವ ಜಾಗವೂ ಇಂಥ ಕಥೆಗೆ ತಕ್ಕದ್ದೇ. ಪಡುವಲಿಗೆ ಕಲಘಟಗಿಯ ಕಡೆ ಮಲೆನಾಡಿನ ಸೆರಗು, ಮೂಡಲಿಗೆ ನವಲಗುಂದದವರೆಗೆ ಚಾಚಿದ ಎರಿಭೂಮಿ. ಕಾಡಿನ ಚಿರತೆ, ಹಂದಿಗಳೂ ಬಯಲಿನ ಚಿಗರಿ, ತೋಳಗಳೂ ಈ ಸೀಮೆಗೆ ಪರಿಚಿತವೇ. ಇವುಗಳ ಬಾಯಿಂದ ಬೆಳೆಯನ್ನೂ ಕುರಿಯನ್ನೂ ಈ ನಾಡು ಹೇಗೆ ಉಳಿಸಿಕೊಂಡಿತು ಎಂಬುದಕ್ಕೆ ಇತಿಹಾಸ ಕೊಡುವ ಉತ್ತರ ಇದು: ಹೊಲ ಉಳಿದದ್ದು ಕಾಯುವವರಿಂದ, ಮತ್ತು ಕಾಯುವವರಿಗೆ ಊರು ಕೂಲಿ ಕೊಡುತ್ತಿದ್ದುದರಿಂದ. ಆ ಕೂಲಿ ನಿಂತ ಮೇಲೆ ರೈತನೂ ಪ್ರಾಣಿಯೂ ಇಬ್ಬರೂ ಸೋತರು.

ಈ ಮಾತಿಗೆ ಹಳೆಯ ಸಾಕ್ಷಿ ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬನಾದ ಈತ ಮುಂದೆ ಧಾರವಾಡ ಸೀಮೆಯ ಪ್ರಾಣಿಗಳ ಬಗ್ಗೆ ಬರೆದು 1839ರಲ್ಲಿ ಪಟ್ಟಿಯೊಂದನ್ನು ಪ್ರಕಟಿಸಿದ. ತೋಳಗಳು ಗುಂಪುಗೂಡಿ ಚಿಂಕಾರವನ್ನು ಅಟ್ಟಿಸಿಕೊಂಡು ಹೋಗುವುದನ್ನು ಕಣ್ಣಾರೆ ಕಂಡು ಬರೆದವನು ಇವನು. ಆದರೆ ರೈತನ ಪಾಲಿಗೆ ದೊಡ್ಡ ಕೇಡು ಎಂದು ಅವನ ಬರಹದಲ್ಲಿ ಎದ್ದು ಕಾಣುವುದು ತೋಳವಲ್ಲ, ಇಲಿ. 1826ರಲ್ಲಿ ಮುಂಗಾರಿನ ಮೊದಲ ಮಳೆ ಕೈಕೊಟ್ಟಿತು. ಬೇಸಿಗೆಯಲ್ಲಿ ಬಿರಿದ ಎರಿಮಣ್ಣಿನ ಸೀಳುಗಳಲ್ಲಿ ಬದುಕುವ ಹೊಲದ ಇಲಿಗಳು ಮಳೆಗೆ ಮಣ್ಣು ಕುಸಿದಾಗ ವರ್ಷವರ್ಷವೂ ದಂಡಿಯಾಗಿ ಸಾಯುತ್ತಿದ್ದವು. ಆ ವರ್ಷ ಸಾಯದೆ ಮಿತಿಮೀರಿ ಹೆಚ್ಚಿದವು. ಬಿತ್ತಿದ ಬೀಜವನ್ನು ತಿಂದವು, ಉಳಿದು ಬೆಳೆದ ಜೋಳದ ದಂಟನ್ನು ಏರಿ ತೆನೆ ಕತ್ತರಿಸಿದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಅವರು ವಡ್ಡರನ್ನು ಕರೆಸಿ, ಡಜನ್ ಲೆಕ್ಕದಲ್ಲಿ ಕೊಂದ ಇಲಿಗೆ ಕಾಳು ಅಳೆದುಕೊಟ್ಟರು. ಸಾವಿರಗಟ್ಟಲೆ ಕೊಂದರೂ ಇಲಿಯ ಸಂಖ್ಯೆ ಇಳಿದಂತೆ ಕಾಣಲಿಲ್ಲ. ಆ ಇಲಿಯನ್ನು ವಡ್ಡರು ಮೆಟ್ಟಾಡ ಎನ್ನುತ್ತಿದ್ದರು. ಅವರ ಮಾತೇ ತುಸು ರೂಪ ಬದಲಿಸಿ ಅದರ ವೈಜ್ಞಾನಿಕ ಹೆಸರಿನಲ್ಲಿ ಇಂದಿಗೂ ಉಳಿದಿದೆ. 1876–78ರ ಬರದ ಬೆನ್ನಿಗೇ ಮುಂಬಯಿ ಪ್ರಾಂತದ ದಕ್ಷಿಣ ಜಿಲ್ಲೆಗಳಲ್ಲಿ ಇಲಿಯ ಹಾವಳಿ ಮತ್ತೆ ಎದ್ದಿತು. ಎರಡು ಸಲವೂ ಅದನ್ನು ತಂದದ್ದು ಹವೆ. ತಲೆ ಎಣಿಸಿ ಹಣವನ್ನೋ ಕಾಳನ್ನೋ ಕೊಟ್ಟ ಮಾತ್ರಕ್ಕೆ ಹೊಲ ಉಳಿಯದು ಎಂಬ ಮೊದಲ ಪಾಠ ಇಲ್ಲಿದೆ.

ಹೊಲ ಉಳಿಸುತ್ತಿದ್ದ ನಿತ್ಯದ ಏರ್ಪಾಡು ಬೇರೆಯೇ ಇತ್ತು. ಕಾಳು ಕಟ್ಟುವ ಹೊತ್ತಿಗೆ ಜೋಳದ ಹೊಲದ ನಡುವೆ ಅಟ್ಟಣಿಗೆ ಏಳುತ್ತಿತ್ತು. ಹಗಲು ಕವಣೆ ಬೀಸಿ ಹಕ್ಕಿ ಅಟ್ಟುವವರು, ರಾತ್ರಿ ಬೆಂಕಿ ಹಾಕಿ ಕೂಗು ಹಾಕುವವರು ಅಲ್ಲಿರುತ್ತಿದ್ದರು. ಊರಿನ ಕಾವಲು ತಳವಾರನದು, ಅವನಿಗೆ ಕಣದಲ್ಲಿ ಆಯದ ಕಾಳು. ಸುಗ್ಗಿ ಮುಗಿದ ಮೇಲೆ ಕುರುಬರು ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಗೊಬ್ಬರಕ್ಕೆ ಬದಲಾಗಿ ಅವರಿಗೆ ಕಾಳು ಸಿಗುತ್ತಿತ್ತು, ಹಟ್ಟಿಯ ಸುತ್ತ ನಾಯಿಗಳೂ ಕೋಲು ಹಿಡಿದ ಜನರೂ ಇರುತ್ತಿದ್ದುದರಿಂದ ತೋಳಕ್ಕೆ ಸುಲಭದ ತುತ್ತು ಸಿಗುತ್ತಿರಲಿಲ್ಲ. ಹೆಗ್ಗಣ ಬಿಲದಲ್ಲಿ ಕೂಡಿಟ್ಟ ಕಾಳನ್ನು ವಡ್ಡರು ಅಗೆದು ತೆಗೆದು ತಾವೇ ಉಣ್ಣುತ್ತಿದ್ದರು. ಚಿಗರಿಗೆ ಉರುಲು ಒಡ್ಡುವ ವಿದ್ಯೆ ಹರಣಶಿಕಾರಿಗಳದು. ಚಿಗರಿಬೇಟೆಗಾರರು ಎಂಬ ಇನ್ನೊಂದು ಹೆಸರೂ ಅವರಿಗಿತ್ತು. ಪಳಗಿದ ದನವನ್ನು ಮರೆಯಾಗಿಟ್ಟುಕೊಂಡು ಹಿಂಡಿನ ಹತ್ತಿರ ಸರಿಯುವುದು ಇಂಥ ಬೇಟೆಗಾರರ ಕೌಶಲ. ಅವರು ಕೊಲ್ಲುತ್ತಿದ್ದರು, ನಿಜ. ಆದರೆ ಆ ಕೊಲೆ ಹೊಟ್ಟೆಯ ಅಳತೆಯದು, ಅದರಿಂದ ಹಿಂಡು ಬರಿದಾಗಲಿಲ್ಲ. ಹೀಗೆ ಪ್ರಾಣಿಯನ್ನು ಹದ್ದುಬಸ್ತಿನಲ್ಲಿಡುವ ಕೆಲಸ ಹತ್ತಾರು ಕೈಗಳಲ್ಲಿ ಹಂಚಿಹೋಗಿತ್ತು, ಆ ಕೈಗಳಿಗೆ ಬೆಳೆಯಲ್ಲೇ ಪಾಲಿತ್ತು.

ಈ ಏರ್ಪಾಡು ಒಂದೇ ಏಟಿಗೆ ಮುರಿಯಲಿಲ್ಲ. 1857ರ ನಿಶ್ಶಸ್ತ್ರೀಕರಣದ ಕಾನೂನು ಮೊದಲು ಆಯುಧವನ್ನು ಕಸಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ಪ್ರಾಣ ಕೊಟ್ಟರು. 1878ರ ಶಸ್ತ್ರ ಕಾಯಿದೆಯ ಬಳಿಕ ಬಂದೂಕು ಪರವಾನಗಿ ಪಡೆದವರ ಪಾಲಾಯಿತು. ಅದೇ ಕಾಲದಲ್ಲಿ ಸರ್ಕಾರ ಹುಲಿ, ಚಿರತೆ, ತೋಳಗಳ ತಲೆಗೆ ಬಹುಮಾನ ಕಟ್ಟಿತು, ಹಾವಿಗೂ ಕಟ್ಟಿತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಬ್ರಿಟಿಷ್ ಭಾರತದಲ್ಲಿ 80 ಸಾವಿರಕ್ಕೂ ಹೆಚ್ಚು ಹುಲಿ, 1.5 ಲಕ್ಷಕ್ಕೂ ಹೆಚ್ಚು ಚಿರತೆ, 2 ಲಕ್ಷ ತೋಳ ಹೀಗೆ ಸತ್ತವೆಂದು ಇತಿಹಾಸಕಾರ ಮಹೇಶ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಇಲಿಯನ್ನು ತಿನ್ನುವ ಹಾವನ್ನೂ ಚಿಗರಿಯನ್ನು ತಿನ್ನುವ ತೋಳವನ್ನೂ ಕೊಲ್ಲಲು ಖಜಾನೆಯ ಹಣ ಹೋಯಿತು. ಬೆಳೆ ಕಾಯುವವನಿಗೆ ಅದರಲ್ಲಿ ಕಾಸೂ ಇರಲಿಲ್ಲ. ಇನ್ನು ಬೇಟೆಯ ವಿದ್ಯೆ ಬಲ್ಲವರ ಗತಿ? ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹರಣಶಿಕಾರಿ, ಕೊರವ ಮುಂತಾದ ಸಮುದಾಯಗಳನ್ನು ವಿಜಯಪುರ, ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿ ಹಾಜರಿ ಹಾಕಿಸಿದರು. ಆ ಕಾಯಿದೆ 1952ರಲ್ಲಿ ದೇಶದಾದ್ಯಂತ ರದ್ದಾಯಿತು, ಹುಬ್ಬಳ್ಳಿಯ ಬಡಾವಣೆಗೆ ಮಾತ್ರ ಸೆಟ್ಲಮೆಂಟ್ ಎಂಬ ಹೆಸರು ಅಂಟಿಯೇ ಇದೆ. ಚಿಗರಿಯ ಹೆಜ್ಜೆ ಓದಬಲ್ಲ ಜನರನ್ನು ಹುಟ್ಟುಕಳ್ಳರೆಂದು ಬರೆದಿಟ್ಟದ್ದು ಈ ಇತಿಹಾಸದ ಅತಿ ಕ್ರೂರ ಪುಟ.

ಚಿಗರಿಯನ್ನು ಓಡಿಸಿದ್ದು ಬಂದೂಕಲ್ಲ, ನೇಗಿಲು ಎಂದು ಯಾರಾದರೂ ಹೇಳಬಹುದು. ಅದರಲ್ಲಿ ಹುರುಳಿದೆ. 1840ರ ದಶಕದಲ್ಲಿ ಅಮೆರಿಕದ ಹತ್ತಿಬೀಜ ಧಾರವಾಡ ಸೀಮೆಯಲ್ಲಿ ಬೇರೂರಿತು. 1861ರಿಂದ 1865ರ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಹತ್ತಿಯ ಬೆಲೆ ಏರಿ, ಹುಲ್ಲು ಬೆಳೆಯುತ್ತಿದ್ದ ನೆಲವೂ ಉಳುಮೆಗೆ ಬಂತು. ಆದರೆ ಇದು ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಮೇವಿನ ನೆಲ ಕುಗ್ಗಿದಷ್ಟೂ ಚಿಗರಿ ಹೊಲಕ್ಕೆ ನುಗ್ಗುತ್ತದೆ, ಕಾವಲಿನ ಅಗತ್ಯ ಹೆಚ್ಚುತ್ತದೆ. ಅಂಥ ಹೊತ್ತಿನಲ್ಲೇ ಕಾವಲಿನ ಕಟ್ಟು ಸಡಿಲಿತು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಹಳೆಯ ಏರ್ಪಾಡು ಜಾತಿಯ ಕಟ್ಟಿನದು, ತಳವಾರಿಕೆ ಹುಟ್ಟಿನಿಂದ ಬರುತ್ತಿತ್ತು, ಕಾಳು ಅಳೆಯುವ ಕೈಗೂ ಪಡೆಯುವ ಕೈಗೂ ನಡುವೆ ಅವಮಾನವಿತ್ತು. ಇದನ್ನು ಅಲ್ಲಗಳೆಯುವವನು ಇತಿಹಾಸ ಬರೆಯಬಾರದು. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆ ವಂಶಪಾರಂಪರ್ಯವನ್ನು ಕಿತ್ತುಹಾಕಿದ್ದು ನ್ಯಾಯವೇ. ಆದರೆ ಹುಟ್ಟಿನ ಕಟ್ಟನ್ನು ಬಿಚ್ಚಿದ ಮೇಲೆ ಕೆಲಸಕ್ಕೆ ತಕ್ಕ ಕೂಲಿಯನ್ನು ಹೊಸದಾಗಿ ಗೊತ್ತುಮಾಡಬೇಕಿತ್ತು. ಹೊಲದ ಕಾವಲಿನ ಮಟ್ಟಿಗೆ ಅದನ್ನು ಯಾರೂ ಮಾಡಲಿಲ್ಲ, ರಾತ್ರಿಯ ಹೊಲ ಒಬ್ಬೊಬ್ಬ ರೈತನ ಒಂಟಿ ಪಾಲಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ರೈತನ ಕೈ ಕಟ್ಟಿತು ಎಂಬ ದೂರು ಇಂದು ಎಲ್ಲೆಡೆ ಕೇಳುತ್ತದೆ. ಕುಕನೂರು, ಯಲಬುರ್ಗಾ ಕಡೆ ಚಿಗರಿಯ ಹಿಂಡು ಬೆಳೆ ಮೇಯುವಾಗ ಆ ರೈತರ ಸಂಕಟ ಸುಳ್ಳಲ್ಲ. ಚಿಗರಿಯೂ ತೋಳವೂ ಆ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ಆದರೆ ಕಾಯಿದೆ ಕಣ್ಣು ಮುಚ್ಚಿಲ್ಲ: ಮೊದಲ ಅನುಸೂಚಿಯಲ್ಲಿಲ್ಲದ ಪ್ರಾಣಿ ಬೆಳೆ ಹಾಳುಮಾಡಿದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ಕೊಲ್ಲಲು ಅನುಮತಿ ಕೊಡಬಹುದು. 1974ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಆಗದೇ ಹೋಗಿದ್ದರೆ ಈ ಸೀಮೆಯ ಚಿಗರಿಗೆ ಕಾಯಂ ನೆಲೆ ಎನ್ನುವುದೇ ಇರುತ್ತಿರಲಿಲ್ಲ. ಕೊಲ್ಲುವ ಹಕ್ಕು ಮರಳಿದರೆ ಬೆಳೆ ಉಳಿಯುತ್ತದೆ ಎನ್ನುವವರಿಗೆ 1826ರ ಹೊಲವೂ ಬಹುಮಾನದ ಐವತ್ತು ವರ್ಷಗಳೂ ಉತ್ತರ ಕೊಟ್ಟಿವೆ. ಕದ್ದು ಬಿಟ್ಟ ವಿದ್ಯುತ್ ತಂತಿಗೆ ಹಂದಿಯ ಜೊತೆ ದನವೂ ಮನುಷ್ಯರೂ ಸಾಯುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಬಳಿ ಚಿರತೆ ಕಾಣಿಸಿಕೊಂಡು ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು; ಧಾರವಾಡದ ಹತ್ತಿರದ ಕವಲಗೇರಿಯಲ್ಲಿ ಚಿರತೆ ಬೋನಿಗೆ ಬಿತ್ತು. ಕಾದು, ಹೆಜ್ಜೆ ನೋಡಿ, ಬೋನಿಟ್ಟ ಜನರ ತಾಳ್ಮೆ ಅಲ್ಲಿ ಫಲಿಸಿತು.

ಬಹುಮಾನವೂ ಇಂದಿನ ಪರಿಹಾರವೂ ಒಂದು ವಿಷಯದಲ್ಲಿ ಒಂದೇ: ಎರಡೂ ಕೇಡಾದ ಮೇಲೆ ಕೊಡುವ ಹಣ. ಒಂದು ಪ್ರಾಣಿ ಸತ್ತ ಮೇಲೆ, ಇನ್ನೊಂದು ಬೆಳೆ ಹೋದ ಮೇಲೆ. ಕಾವಲಿನ ಕೂಲಿಯೊಂದೇ ಕೇಡಿಗೆ ಮೊದಲೇ ಸಲ್ಲುವಂಥದ್ದು. ಪರಿಹಾರ ಬೇಡವೆಂದಲ್ಲ, ಅದರ ಜೊತೆಗೆ ಕಾಳು ಕಟ್ಟುವ ವಾರಗಳಲ್ಲಿ ಗ್ರಾಮ ಪಂಚಾಯಿತಿಯೇ ರಾತ್ರಿ ಕಾವಲಿನವರನ್ನು ನೇಮಿಸಲಿ, ಯಾವ ಜಾತಿಯವರಾದರೂ ಆ ಕೆಲಸಕ್ಕೆ ಬರಲಿ, ನ್ಯಾಯವಾದ ಸಂಬಳ ಸಿಗಲಿ. ಪ್ರಾಣಿಯ ನಡೆ ಬಲ್ಲ ಹರಣಶಿಕಾರಿಗಳನ್ನು ಕಳಂಕ ಹೊರಿಸಿದ ನಾಡೇ ಗೌರವದಿಂದ ಕರೆದು ಆ ಅರಿವನ್ನು ಕೇಳಲಿ. ಗಾಯರಾಣದ ಹುಲ್ಲು ಹುಲ್ಲಾಗಿಯೇ ಉಳಿಯಲಿ, ಕುರಿ ನಿಲ್ಲಿಸುವ ಪದ್ಧತಿ ಅಳಿಯದಿರಲಿ. ಸತ್ತೂರಿನಲ್ಲಿ ಬಸ್ಸು ಹತ್ತುವ ಮಕ್ಕಳಿಗೆ ಚಿಗರಿ ಎಂದರೆ ಏನೆಂದು ದೊಡ್ಡವರು ಹೇಳಿಕೊಡಲಿ. ಮೂಡಲ ಸೀಮೆಯ ಹೊಲಗಳಲ್ಲಿ ಅದು ಇನ್ನೂ ಮೇಯುತ್ತಿದೆ, ಮತ್ತು ಆ ಹೊಲಗಳ ರೈತ ಇನ್ನೂ ಒಂಟಿಯಾಗಿ ಕಾಯುತ್ತಿದ್ದಾನೆ.