೧೯೦೯ರ ಬ್ರಿಟಿಷ್ ಆಯವ್ಯಯ ಮತ್ತು ಪ್ರಭುಸಭೆ

ಬ್ರಿಟನ್ನಿನ ರಾಜ್ಯಾಂಗ ಚರಿತ್ರೆಯಲ್ಲಿ ೧೯೦೯ರ ಆಯವ್ಯಯದಷ್ಟು ಪಕ್ಷಕಲಹವನ್ನು ಕೆರಳಿಸಿದ ಲೆಕ್ಕಪತ್ರ ವಿರಳ. ವೃದ್ಧಾಪ್ಯ ವೇತನಕ್ಕೂ ಯುದ್ಧನೌಕೆಗಳಿಗೂ ಹಣವೊದಗಿಸಲು ಅರ್ಥಸಚಿವ ಲಾಯ್ಡ್ ಜಾರ್ಜನು ಧನಿಕರ ವರಮಾನದ ಮೇಲೆ ಅಧಿಕ ತೆರಿಗೆಯನ್ನೂ ಭೂಮಿಯ ಮೌಲ್ಯವೃದ್ಧಿಯ ಮೇಲೆ ಹೊಸ ಕರವನ್ನೂ ಸೂಚಿಸಿದನು. ಇದು ದಾರಿದ್ರ್ಯದೊಡನೆ ಹೂಡಿದ ಯುದ್ಧವೆಂದು ಲಿಬರಲರೂ ಆಸ್ತಿಯ ಮೇಲಿನ ದಾಳಿಯೆಂದು ಕನ್ಸರ್ವೆಟಿವರೂ ವಾದಿಸಿದರು. ಆಮದು ಸುಂಕವೇ ಬೊಕ್ಕಸ ತುಂಬುವ ಯೋಗ್ಯ ಮಾರ್ಗವೆಂಬುದು ಕನ್ಸರ್ವೆಟಿವರ ಮತ. ನವೆಂಬರ್ ೩೦ರಂದು ಪ್ರಭುಸಭೆಯು ೭೫ಕ್ಕೆದುರಾಗಿ ೩೫೦ ಮತಗಳಿಂದ ಅದನ್ನು ತಿರಸ್ಕರಿಸಿತು. ೧೯೧೦ರ ಎರಡು ಚುನಾವಣೆಗಳೂ ಯಾವ ಪಕ್ಷಕ್ಕೂ ಬಹುಮತ ನೀಡಲಿಲ್ಲ. ಆದರೂ ಐರಿಷ್ ಸದಸ್ಯರ ಬೆಂಬಲದಿಂದ ಅಧಿಕಾರದಲ್ಲುಳಿದ ಲಿಬರಲರು ೧೯೧೧ರ ಪಾರ್ಲಿಮೆಂಟ್ ಶಾಸನದ ಮೂಲಕ ಹಣಕಾಸು ಮಸೂದೆಗಳ ಮೇಲಿನ ಪ್ರಭುಗಳ ತಡೆಯನ್ನು ಒಂದು ತಿಂಗಳಿಗಿಳಿಸಿದರು. ಮೌಲ್ಯವೃದ್ಧಿಯ ಕರವನ್ನು ೧೯೨೦ರಲ್ಲಿ ಲಾಯ್ಡ್ ಜಾರ್ಜನ ಸರ್ಕಾರವೇ ರದ್ದುಮಾಡಿತು. ಅದರ ನಿಮಿತ್ತ ಕಳೆದುಕೊಂಡ ಅಧಿಕಾರವು ಪ್ರಭುಗಳಿಗೆ ಮರಳಿ ದೊರೆಯಲಿಲ್ಲ.